ಸುವರ್ಣಾಗೆ ನೆನಪಿಲ್ಲದ ಹೆರಿಗೆ

ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೆ ನನ್ನ ಮನೆಗೆ ಎರಡು ಬಗೆಯ ಜನ ಬರುತ್ತಾರೆ. ಬಿ.ಪಿ. ನೋಡಿಸಿಕೊಂಡು, ಚಹಾ ಕುಡಿದು, ಊರ ಸುದ್ದಿ ಹೇಳಿ ಹೋಗುವ ಓಣಿಯ ಹೆಂಗಸರು ಒಂದು ಬಗೆ. ಈಗಷ್ಟೇ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ಇನ್ನೊಂದು ಬಗೆ. ಈ ಹುಡುಗಿಯರು ಚಹಾ ಬೇಡ ಅನ್ನುತ್ತಾರೆ, ಕೊಟ್ಟರೆ ಕುಡಿಯುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ, “ಬಾಯಾರ, ನಿಮಗ ಹೆದರಿಕಿ ಆಗ್ತಿದ್ದಿಲ್ಲೇನ್ರಿ?”

ಆಗುತ್ತಿತ್ತು. ಆದರೆ ಹೆದರಿಕೆ ಬಹಳ ದಿನ ಉಳಿಯುವುದಿಲ್ಲ, ಕೈಗೆ ಕೆಲಸ ಬಂದಂತೆ ತಾನೇ ಹೋಗುತ್ತದೆ. ಕೊನೆಯ ದಿನದವರೆಗೂ ನನ್ನನ್ನು ಬಿಡದೆ ಕಾಡಿದ್ದು ಗಲಿಬಿಲಿ. ಪುಸ್ತಕದಲ್ಲಿ ಹೆರಿಗೆ ನೆಟ್ಟಗಿರುತ್ತದೆ. ಮೊದಲು ನೋವು, ಆಮೇಲೆ ಕೂಸು, ಆಮೇಲೆ ಕಸ, ಅಂದರೆ ಮಾಸ. ಹೆರಿಗೆ ಕೋಣೆಯಲ್ಲಿ ಹಾಗಿರುವುದಿಲ್ಲ. ಒಬ್ಬಳು ಕಿರುಚುತ್ತಿರುತ್ತಾಳೆ, ಇನ್ನೊಬ್ಬಳಿಗೆ ಸಲೈನ್ ಮುಗಿಯುತ್ತಿರುತ್ತದೆ, ಕರೆಂಟು ಹೋಗಿರುತ್ತದೆ, ಹೊರಗೆ ಒಬ್ಬ ಅತ್ತೆ ಬಾಗಿಲು ಬಡಿಯುತ್ತಿರುತ್ತಾಳೆ. ಪುಸ್ತಕ ಬರೆದವರು ಆ ಅತ್ತೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನನಗೆ ಬಡ್ತಿ ಸಿಕ್ಕಿದ್ದು, ವರ್ಗ ಆದದ್ದು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿದರೆ ಯಾರ ಹೆರಿಗೆಯೂ ಸುಸೂತ್ರ ಆಗುವುದಿಲ್ಲ. ನನಗೆ ಇವತ್ತಿಗೂ ಪೂರ್ತಿ ಅರ್ಥವಾಗದ ಒಂದು ಹೆರಿಗೆಯ ಬಗ್ಗೆ ಬರೆಯುತ್ತೇನೆ. ಅದಕ್ಕೆ ಮೊದಲು ಒಂದೆರಡು ಹಳೆಯ ಸಂಗತಿ ಹೇಳಬೇಕು, ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ.

ನನ್ನ ಮೊದಲ ನೇಮಕ ಐಗಳಿ ಕಡೆ. ನಾನು ಪೇಟೆಯಲ್ಲಿ ಬೆಳೆದವಳು. ಊರೆಂದರೆ ಒಂದೇ ಕಡೆ ಮನೆಗಳಿರುತ್ತವೆ ಎಂದು ತಿಳಿದಿದ್ದೆ. ಅಲ್ಲಿ ಅರ್ಧ ಊರು ತೋಟದಲ್ಲಿ. ಅವರವರ ಹೊಲದಲ್ಲಿ ಅವರವರ ಮನೆ, ನಡುವೆ ಆಳೆತ್ತರದ ಕಬ್ಬು, ಎಲ್ಲಿ ನೋಡಿದರೂ ಒಂದೇ ಥರದ ಕಾಲುದಾರಿ. ಒಂದು ಸಲ ಹೆರಿಗೆ ಅಂತ ಕರೆ ಬಂತು. ಚೀಲ ಹೊತ್ತು ಹೊರಟವಳು ಕಬ್ಬಿನಲ್ಲಿ ದಾರಿ ತಪ್ಪಿದೆ. ಸುತ್ತಿ ಸುತ್ತಿ ಅದೇ ಬೇವಿನ ಗಿಡದ ಹತ್ತಿರ ಬಂದೆ. ಕೊನೆಗೆ ಎಮ್ಮೆ ಒದರುವ ಸದ್ದು ಹಿಡಿದು ಹೋಗಿ ಮುಟ್ಟಿದರೆ ಕೂಸು ಹುಟ್ಟಿ, ಎರೆಸಿಕೊಂಡು, ನಿದ್ದೆ ಮಾಡುತ್ತಿತ್ತು. ಕಟ್ಟೆಯ ಮೇಲೆ ಕೂತಿದ್ದ ಮುದುಕಿ ಎದ್ದು ನೀರು ಕೊಟ್ಟು, “ಬಂದ್ರೇನ್ರಿ? ದಾರಿ ಸಿಕ್ತೇನ?” ಅಂದಳು.

ನನಗೆ ಸಿಟ್ಟು ಬಂತು. ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ತಿಳಿಯಿತು, ತೋಟದ ಮನೆಗೆ ಯಾರೇ ಬರಲಿ, ಬೀಗರು ಬರಲಿ, ಅಳಿಯ ಬರಲಿ, ಮೊದಲು ಕೇಳುವುದೇ ಅದು. ಊರೊಳಗಿನವರು ಊಟ ಆಯಿತೇ ಅಂತ ಕೇಳಿದ ಹಾಗೆ. ಎಷ್ಟೋ ಮನೆಯಲ್ಲಿ ನಾನೂ ಆ ಮಾತು ಕೇಳಿಸಿಕೊಂಡೆ, ಸ್ವಲ್ಪ ದಿನಕ್ಕೆ ಕಿವಿಗೆ ಬೀಳುವುದೂ ನಿಂತಿತು.

ಇನ್ನೊಂದು, ನಮ್ಮ ಡಾಕ್ಟರ್ ಸಾಹೇಬರ ಬಗ್ಗೆ. ನನಗೆ ಕೆಲಸ ಕಲಿಸಿದವರು ಅವರು. ಮಾತು ಕಡಿಮೆ, ಕೋಪ ಜಾಸ್ತಿ. ಕೊಳವೆ ಹೊಟ್ಟೆಗೆ ಹಚ್ಚಿ ಕೂಸಿನ ಎದೆಬಡಿತ ಕೇಳುವಾಗ ನಾನು ಒಮ್ಮೆ ನನ್ನದೇ ನಾಡಿಯನ್ನು ಎಣಿಸಿ, ನೂರನಾಲ್ವತ್ತರ ಹತ್ತಿರ ಇರಬೇಕಾದಲ್ಲಿ ಎಪ್ಪತ್ತು ಅಂತ ಬರೆದಿದ್ದೆ. ಸಾಹೇಬರು ಅದನ್ನು ನೋಡಿ, “ಕೂಸು ಬಾಳ ಸಮಾಧಾನಿ ಕಾಣತೈತಿ. ಇದರ ಲಗ್ನಕ್ಕ ನನ್ನೂ ಕರೀರಿ” ಅಂದರು. ಅದಾದ ಮೇಲೆ ಎಷ್ಟೋ ವರ್ಷ ನಾನು ಕೊಳವೆ ಹಿಡಿದಾಗಲೆಲ್ಲ ಆಯಾ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು.

ಸಾಹೇಬರು ನಗದೆ, ಬೈಯದೆ, ನಮ್ಮನ್ನು ಸುತ್ತ ನಿಲ್ಲಿಸಿಕೊಂಡು ಕಲಿಸಿದ್ದು ಒಂದೇ, ಬಸುರಿ ನಂಜು. ಬಿ.ಪಿ. ಏರಿ ಮೂರ್ಛೆ ಬರುವ ಬೇನೆ. ಹೆರಿಗೆಗೆ ಮೊದಲೂ ಬರಬಹುದು, ಆದ ಮೇಲೂ ಬರಬಹುದು. ಬಂದರೆ ಮಗ್ಗುಲಿಗೆ ಮಲಗಿಸು, ಇಂಜೆಕ್ಷನ್ ಕೊಡು, ದೊಡ್ಡ ಆಸ್ಪತ್ರೆಗೆ ಕಳಿಸು. ಮತ್ತೆ, ಕೋಣೆ ಕತ್ತಲಿರಬೇಕು, ಪಿಟ್ಟೆನ್ನಬಾರದು. ಬೆಳಕು ಬಿದ್ದರೂ ಸದ್ದಾದರೂ ಮೂರ್ಛೆ ಮರುಕಳಿಸುತ್ತದೆ ಎಂಬುದು ಅವರ ಪಾಠ. ಒಮ್ಮೆ ಅಂಥ ಹೆಣ್ಣುಮಗಳು ಬಂದಾಗ ಗೋಡೆಯ ಗಡಿಯಾರವನ್ನೇ ಇಳಿಸಿ ಹೊರಗಿಡಿಸಿದ್ದರು. ಕೈಯ ಬಳೆ ಮೊದಲು ತೆಗೆಯಬೇಕು ಅನ್ನುತ್ತಿದ್ದರು. ಮೂರ್ಛೆಯಲ್ಲಿ ಕೈ ಬಡಿದು ಗಾಜು ಚುಚ್ಚುತ್ತದೆ, ಮೇಲಾಗಿ ಸದ್ದು. ಇದೆಲ್ಲ ನನ್ನ ತಲೆಯಲ್ಲಿ ಕಲ್ಲಿನ ಮೇಲೆ ಬರೆದಂತೆ ಕೂತಿತ್ತು.

ಈಗ ಸುವರ್ಣಾ. ಐಗಳಿ ಕಡೆಯ ತೋಟದ ಮನೆಯ ಮಗಳು, ಕಾಗವಾಡಕ್ಕೆ ಕೊಟ್ಟಿದ್ದರು. ಗಂಡ ಅಣ್ಣಾಸಾಬ ದ್ರಾಕ್ಷಿ ಬೆಳೆಯುವವನು. ಚೊಚ್ಚಲ ಬಸಿರು, ಆದ್ದರಿಂದ ಒಂಬತ್ತರಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿನಲ್ಲೇ ಉಳಿಸಿಕೊಂಡಿದ್ದರು. ತಾಯಿ ಕಲ್ಲವ್ವ ಪ್ರತಿ ಸಲವೂ ತಾನೇ ಕರೆತಂದು ತೋರಿಸುತ್ತಿದ್ದಳು. ಬಿ.ಪಿ. ಸರಿಯಿತ್ತು. ಕಾಲು ಬಾತಿರಲಿಲ್ಲ. ತಪ್ಪು ಹುಡುಕಬೇಕೆಂದರೂ ಸಿಗದಂಥ ಬಸಿರು.

ಕುಬಸವಾಗಿ ಹತ್ತು ದಿನವೂ ಆಗಿರಲಿಲ್ಲ, ದಿನ ತುಂಬುವ ಮೊದಲೇ ನೋವು ಬಂತು. ಆ ಹೊತ್ತಿಗೆ ನಮ್ಮ ಹೆರಿಗೆ ಕೋಣೆಯಲ್ಲಿ ಪರದೆಯ ಆಚೆ ಇನ್ನೊಬ್ಬ ಬಾಣಂತಿ ಇದ್ದಳು. ಅವಳೂ ತೋಟದ ಮನೆಯವಳೇ, ಅವತ್ತೇ ಬೆಳಗ್ಗೆ ಹೆತ್ತಿದ್ದಳು. ಸುವರ್ಣಾಗೆ ಮಧ್ಯಾಹ್ನ ಹೆರಿಗೆಯಾಯಿತು. ಹೆಣ್ಣು ಕೂಸು. ಸ್ವಲ್ಪ ಸಣ್ಣದು, ಆದರೆ ಅತ್ತಿತು. ಒರೆಸಿ ಅವಳ ಎದೆಯ ಮೇಲೆ ಹಾಕಿ ನಾನು ಮಾಸದ ಕಡೆ ತಿರುಗಿದೆ. ಬೆನ್ನ ಹಿಂದೆ ಯಾರೋ ಮೆಲ್ಲಗೆ, “ಬಂದೇನವಾ? ದಾರಿ ಸಿಕ್ತೇನ?” ಅಂದದ್ದು ಕೇಳಿಸಿತು. ಕೂಸಿಗೆ ಹೀಗೂ ಕೇಳುತ್ತಾರಲ್ಲ ಅಂತ ನಗು ಬಂತು. ಅಂದವಳು ಸುವರ್ಣಾನೋ, ಪರದೆಯ ಆಚೆಯವಳೋ ನಾನು ತಿರುಗಿ ನೋಡಲಿಲ್ಲ. ನೋಡಬೇಕು ಅಂತ ಯಾರಿಗೆ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಸುವರ್ಣಾ, “ತಲಿ ಬಾಳ ನೋಯಾಕತ್ತೈತ್ರಿ ಬಾಯಾರ” ಅಂದಳು. ಬಿ.ಪಿ. ನೋಡುವ ಯಂತ್ರ ತರಲು ಕೈ ಚಾಚಿದೆ.

“ಲೈಟ್ ಯಾಕ ಆರಿಸಿದ್ರಿ?” ಅಂದಳು.

ಹೊರಗೆ ಸುಡುಬಿಸಿಲು. ಕಿಟಕಿ ತೆರೆದೇ ಇತ್ತು. ನಾನು ಅವಳ ಮುಖ ನೋಡುವಷ್ಟರಲ್ಲಿ ಕಣ್ಣು ಮೇಲಾದವು, ಹಲ್ಲು ಕಚ್ಚಿಕೊಂಡವು, ಮೈ ಸೆಟೆದು ಮಂಚವೇ ಅಲುಗತೊಡಗಿತು. ಕೂಸನ್ನು ಆಯಾ ಕಸಿದುಕೊಂಡಳು. ಆಮೇಲಿನದು ನನ್ನ ಕೈ ಮಾಡಿದ ಕೆಲಸ, ತಲೆ ಮಾಡಿದ್ದಲ್ಲ. ಮಗ್ಗುಲಿಗೆ ಹೊರಳಿಸಿದೆ, ಇಂಜೆಕ್ಷನ್ ಕೊಟ್ಟೆ, ಆಂಬುಲೆನ್ಸಿಗೆ ಫೋನ್ ಮಾಡಿಸಿದೆ. ಕುಬಸದಲ್ಲಿ ಇಡಿಸಿದ ಹಸಿರು ಬಳೆ ಎರಡೂ ಕೈ ತುಂಬ ಇದ್ದವು. ಒಡೆಯುವುದು ಬೇಡ ಅಂತ ಆಯಾ ಸಾಬೂನು ನೀರು ಹಚ್ಚಿ ಒಂದೊಂದೇ ಜಾರಿಸಿದಳು. ಬಾರದವುಗಳನ್ನು ಬಟ್ಟೆ ಸುತ್ತಿ ಒಡೆಯಲೇಬೇಕಾಯಿತು. ಚೂರುಗಳನ್ನು ಕಸಕ್ಕೆ ಹಾಕದೆ ಸೆರಗಿನಲ್ಲಿ ಕಟ್ಟಿಕೊಂಡಳು.

ಅಥಣಿಗೆ ಹೋದೆವು, ಅಲ್ಲಿಂದ ಮಿರಜಿಗೆ ಕಳಿಸಿದರು. ಆಂಬುಲೆನ್ಸಿನಲ್ಲಿ ಮತ್ತೊಂದು ಸಲ ಮೂರ್ಛೆ ಬಂತು. ಮಿರಜಿನ ಡಾಕ್ಟರರು ಅವಳನ್ನು ಒಳಗೆ ತೆಗೆದುಕೊಂಡು ತಾಳಿ, ಕಿವಿಯ ಬೆಂಡೋಲೆ ತೆಗೆಸಿ ಕೊಟ್ಟರು. ಅತ್ತೆ ಗೌರವ್ವ ಮಗ ಅಣ್ಣಾಸಾಬನ ಜೊತೆ ಕಾಗವಾಡದಿಂದ ಅಷ್ಟರಲ್ಲಿ ಬಂದಿದ್ದಳು. ಅವೆರಡನ್ನೂ ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಗಿಸಿಕೊಂಡಳು. ಕೂಸಿನ ಮೈ ತಣ್ಣಗಾಗುತ್ತಿತ್ತು, ಅದನ್ನು ಬೇರೊಂದು ಓಣಿಯ ಮಕ್ಕಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಮನೆಯವರೊಬ್ಬರು ಸದಾ ಇರಲೇಬೇಕು ಅಂದರು. ಅಣ್ಣಾಸಾಬ ಅಲ್ಲಿ ಕೂತ. ಇತ್ತ ಹೆಂಡತಿಯ ಹತ್ತಿರ ಇಬ್ಬರು ಅವ್ವಂದಿರು.

ನಾನು ಊರಿಗೆ ಮರಳುವ ಮೊದಲು ಆ ಇಬ್ಬರನ್ನೂ ಹೊರಗೆ ಕರೆದು ಸಾಹೇಬರ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿದೆ. ಪರದೆ ಎಳೆದೇ ಇರಬೇಕು. ಗಟ್ಟಿಯಾಗಿ ಮಾತಾಡಬಾರದು. ಫೋನ್ ಬಂದ್ ಇಡಬೇಕು. ಅವಳ ಮುಂದೆ ಅಳಬಾರದು, ಸುದ್ದಿ ಹೇಳಬಾರದು, ಮನಸ್ಸು ಕದಲುವಂಥದ್ದು ಏನೂ ಬೇಡ. ಏನಾದರೂ ಕೇಳಿದರೆ ‘ಆಮೇಲೆ ಹೇಳೋಣ, ಮಲಗು’ ಅನ್ನಬೇಕು. ಇಬ್ಬರೂ ತಲೆಯಾಡಿಸಿದರು. ನನ್ನ ಸರ್ವೀಸಿನಲ್ಲಿ ನನ್ನ ಮಾತನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರೆ ಯಾರೂ ಇಲ್ಲ.

ಎರಡು ಮೂರು ದಿನ ಬಿಟ್ಟು ಮತ್ತೆ ಹೋದೆ. ಸುವರ್ಣಾಗೆ ಎಚ್ಚರವಾಗಿದೆ, ಮೂರ್ಛೆ ನಿಂತಿದೆ, ಬಿ.ಪಿ. ಇಳಿಯುತ್ತಿದೆ ಎಂದು ಅಲ್ಲಿನ ನರ್ಸ್ ಹೇಳಿದಳು. ಖುಷಿಯಿಂದ ಒಳಗೆ ಹೋದರೆ ಇಬ್ಬರು ಅವ್ವಂದಿರೂ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಆತು ನಿಂತಿದ್ದರು. ಸುವರ್ಣಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಮಾತ ಆಡವಲ್ಲಳ್ರಿ,” ಕಲ್ಲವ್ವ ನನ್ನ ಕಿವಿಯಲ್ಲಿ ಅಂದಳು. “ಕೂಸಿಗೆ ಹಾಲ ಹಿಂಡಿ ಕೊಡ ಅಂದ್ರ ಮೈ ಮುಟ್ಟಾಕ ಬಿಡವಲ್ಲಳು. ಅಲ್ಲಿ ಡಾಕ್ಟರ ತಾಯಿ ಹಾಲ ಬೇಕ ಅನ್ನಾಕತ್ತಾರು.”

ಕೂಸಿಗೆ ಹೊರಗಿನ ಹಾಲು ಹಿಡಿಸುತ್ತಿರಲಿಲ್ಲ, ಕೊಟ್ಟದ್ದನ್ನೆಲ್ಲ ಕಕ್ಕುತ್ತಿತ್ತು. ಅದು ಮೊದಲೇ ಸಣ್ಣ ಕೂಸು. ಈಕೆ ಹಾಲು ಕೊಡದಿದ್ದರೆ ಕಷ್ಟವಿತ್ತು. ನಾನು ಮಂಚದ ಅಂಚಿಗೆ ಕೂತು, “ಸುವರ್ಣಾ, ನಾ ಬಂದೇನಿ ನೋಡವಾ” ಅಂದೆ. ನನ್ನ ಧ್ವನಿ ಹಿಡಿದು ತಿರುಗಿದಳು. ಕಣ್ಣು ನನ್ನ ಕಡೆ ಇದ್ದವು, ಆದರೆ ನೋಟ ನನ್ನ ಮೇಲೆ ನಿಲ್ಲಲಿಲ್ಲ. ಈ ಬೇನೆಯಲ್ಲಿ ಕೆಲವರಿಗೆ ಸ್ವಲ್ಪ ದಿನ ದೃಷ್ಟಿ ಮಂಜಾಗಿರುತ್ತದೆ. ನನ್ನ ಕೈ ಹಿಡಿದುಕೊಂಡು ಕೇಳಿದಳು,

“ಖರೇ ಹೇಳ್ರಿ ಬಾಯಾರ. ಯಾವಾಗ ಮಣ್ಣ ಕೊಟ್ರಿ?”

ಕೂಸು ಸತ್ತಿದೆ ಅಂದುಕೊಂಡಿದ್ದಾಳೆ ಎಂದು ತಿಳಿದು ನಾನು, “ಛೇ, ಬಿಡ್ತು ಅನ್ನ. ಕೂಸು ಚಲೋ ಐತಿ, ಹೆಣ್ಣ ಕೂಸು” ಅಂದೆ.

“ಯಾವ ಕೂಸು?”

“ನಿಂದ ಕೂಸು. ನೀ ಹಡದದ್ದು.”

“ನಾ ಎಲ್ಲಿ ಹಡದೇನ್ರಿ?” ಅಂದಳು. ಹಠದಲ್ಲಿ ಅಂದದ್ದಲ್ಲ. ಗೊತ್ತಿಲ್ಲದವಳು ಕೇಳುವ ಹಾಗೆ ಕೇಳಿದಳು. “ನಾ ಅವರ್ನ ಕೇಳಾಕತ್ತೇನಿ. ನಮ್ಮನಿಯವರನ್ನ.”

ನನಗೆ ಏನೂ ತಿಳಿಯಲಿಲ್ಲ. ಅವಳೇ ಹೇಳಿದಳು. ಕುಬಸದ ದಿನ ಸಂಜೆ ಅಣ್ಣಾಸಾಬ ದ್ರಾಕ್ಷಿಗೆ ಔಷಧ ಹೊಡೆಯಬೇಕು ಅಂತ ಮೋಟಾರ್ ಸೈಕಲ್ ಹತ್ತಿ ಕಾಗವಾಡಕ್ಕೆ ಹೊರಟ. ಕಬ್ಬಿನ ಟ್ರ್ಯಾಕ್ಟರ್ ಬಹಳ ಇವೆ, ಹುಷಾರು ಅಂತ ತಾನು ಅಂದದ್ದು ನೆನಪಿದೆ. ಅಷ್ಟೇ. ಅದರಾಚೆ ಏನೂ ಇಲ್ಲ. ಎಚ್ಚರಾದಾಗ ಕತ್ತಲ ಕೋಣೆ. ಅವ್ವ, ಅತ್ತೆ ಇಬ್ಬರೂ ಮೂಲೆಯಲ್ಲಿ ಪಿಸುಪಿಸು. ಕೈ ಮುಟ್ಟಿಕೊಂಡರೆ ಬಳೆಯಿಲ್ಲ. ಕೊರಳು ಮುಟ್ಟಿಕೊಂಡರೆ ತಾಳಿಯಿಲ್ಲ. ಅವರೆಲ್ಲಿ ಅಂತ ಕೇಳಿದರೆ ಆಮೇಲೆ ಹೇಳೋಣ, ಮಲಗು ಅನ್ನುತ್ತಾರೆ. ಫೋನ್ ಮಾಡಿ ಕೊಡಿ ಅಂದರೆ ಕೊಡುವುದಿಲ್ಲ.

“ನಾ ಸಣ್ಣಾಕಿ ಅಲ್ಲರಿ,” ಅಂದಳು. “ದಾರಿಯೊಳಗ ಅವರಿಗೆ ಏನೋ ಆತು. ಸುದ್ದಿ ಕೇಳಿ ನಾ ಬಿದ್ನಿ. ಹೊಟ್ಟಿಯೊಳಗಿಂದೂ ಹೋತು. ಈಗ ನನ್ನ ಮರಸಾಕ ಯಾರದೋ ಕೂಸ ತೋರಸ್ತೇವಿ ಅಂತೀರಿ.”

ನಾನು ಅವಳ ಮಾತನ್ನು ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಒಂದೊಂದೂ ಸರಿಯಾಗಿ ಕೂಡುತ್ತಿತ್ತು. ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ಬರಿಗೈ, ಬರಿಗೊರಳು, ಕತ್ತಲೆ, ಪಿಸುಮಾತು ಇಷ್ಟನ್ನು ಕೂಡಿಸಿದರೆ ಬರುವ ಉತ್ತರ ಅದೊಂದೇ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಂದು ಕ್ಷಣ ನನಗೂ ಅನುಮಾನ ಬಂತು. ನಾನೂ ಅಣ್ಣಾಸಾಬನನ್ನು ಮಿರಜಿಗೆ ಬಂದ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ. ತಿರುಗಿ ಕಲ್ಲವ್ವನನ್ನು, “ಅಣ್ಣಾಸಾಬ ಎಲ್ಲಿ?” ಅಂತ ಕೇಳಿಬಿಟ್ಟೆ. ಕಲ್ಲವ್ವ ನಾನು ಹೇಳಿಕೊಟ್ಟ ಪಾಠ ಮರೆಯದೆ ಬಾಯಿ ಮೇಲೆ ಬೆರಳಿಟ್ಟು, “ಈಕಿ ಮುಂದ ಬ್ಯಾಡ್ರಿ, ಆಮ್ಯಾಲೆ ಹೇಳ್ತೇನಿ” ಅಂದಳು.

ಸುವರ್ಣಾ ಅದನ್ನು ಕೇಳಿಸಿಕೊಂಡಳು. ನನ್ನ ಕೈ ಬಿಟ್ಟು ಮತ್ತೆ ಗೋಡೆಯ ಕಡೆ ತಿರುಗಿದಳು.

ಹೊರಗೆ ಪಡಸಾಲೆಯಲ್ಲಿ ಕಲ್ಲವ್ವ ಹೇಳಿದ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ಅಣ್ಣಾಸಾಬ ಚೆನ್ನಾಗಿಯೇ ಇದ್ದ, ಕೂಸಿನ ಹತ್ತಿರ ಕೂತಿದ್ದ. ಅವನಿಗೆ ಫೋನ್ ಹಚ್ಚಿದರೆ ಬಂದ್. ಅಲ್ಲಿ ಕೂಸುಗಳ ಕೋಣೆಯೊಳಗೆ ಹೋಗುವಾಗ ಫೋನ್ ಆರಿಸಿ ಇಡಬೇಕಿತ್ತಂತೆ. ನಾನು ಒಳಗೆ ಬಂದು ಪರದೆ ಸರಿಸಿದೆ, ಪೂರಾ ಧ್ವನಿಯಲ್ಲಿ ಎಲ್ಲ ಹೇಳಿದೆ. ನೋವು ಬಂದದ್ದು, ಹೆತ್ತದ್ದು, ಮೂರ್ಛೆ ಬಂದದ್ದು, ಬಳೆ ನಾವೇ ತೆಗೆದದ್ದು. ಕಲ್ಲವ್ವನ ಮೊಬೈಲಿನಲ್ಲಿ ಕೂಸಿನ ಫೋಟೊ ಇತ್ತು. ಅದನ್ನು ಅವಳ ಮುಖದ ಹತ್ತಿರ ಹಿಡಿದೆ.

“ನನಗ ಕಾಣೂದಿಲ್ಲ. ಕಂಡರೂ ಎಲ್ಲಾ ಕೂಸು ಹಂಗ ಇರತಾವು” ಅಂದಳು.

“ಹಂಗಾರ ಅಣ್ಣಾಸಾಬನ್ನ ಕರ್ಕೊಂಡ ಬರ್ತೇನಿ, ಈಗ ಹೋಗ್ತೇನಿ ನೋಡ.”

“ಮೈದನನ್ನ ಕರ್ಕೊಂಡ ಬಂದು ಅವರ ಅಂತ ಹೇಳಬ್ಯಾಡ್ರಿ. ಇಬ್ಬರದೂ ಧ್ವನಿ ಒಂದ ನಮೂನಿ ಐತಿ.”

ಇಷ್ಟು ಹೊತ್ತು ಗೌರವ್ವ ಒಂದು ಮಾತೂ ಆಡಿರಲಿಲ್ಲ. ಕಾಗವಾಡದ ಆ ಹೆಂಗಸು ಮೊದಲೇ ಬಿಗಿ, ಅರ್ಧ ಮರಾಠಿ ಅರ್ಧ ಕನ್ನಡ, ಸೊಸೆಯನ್ನು ಮೆಚ್ಚಿ ಮಾತಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಸೊಸೆಯ ಮಾತು ಕೇಳಿ ಸೆರಗು ಸರಿಮಾಡಿಕೊಂಡು ಹೊರಗೆ ನಡೆದುಬಿಟ್ಟಳು. ಸಿಟ್ಟಾಗಿ ಹೋದಳು ಅಂದುಕೊಂಡೆವು. ಕಲ್ಲವ್ವ ಅಳತೊಡಗಿದಳು. ಅಳಬೇಡ ಅನ್ನಲು ನನಗೂ ಮುಖವಿರಲಿಲ್ಲ.

ಗೌರವ್ವ ತಿರುಗಿ ಬಂದಾಗ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಹಸಿರು ಬಳೆ ಇದ್ದವು. ಆಸ್ಪತ್ರೆಯ ಎದುರಿನ ಓಣಿಯ ಅಂಗಡಿಯಿಂದ ತಂದದ್ದು. ಯಾರನ್ನೂ ಏನೂ ಕೇಳಲಿಲ್ಲ. ಮಂಚದ ಮೇಲೆ ಕೂತು, ಸಲೈನ್ ಇಲ್ಲದ ಕೈಯನ್ನು ತೊಡೆಯ ಮೇಲೆಳೆದುಕೊಂಡು, ಬೆರಳು ಒತ್ತಿ ಒಂದೊಂದೇ ಬಳೆ ಏರಿಸತೊಡಗಿದಳು. ನಾನು ಸದ್ದಾಗುತ್ತದೆ ಅನ್ನಬೇಕು ಅಂದುಕೊಂಡೆ, ಅನ್ನಲಿಲ್ಲ. ಸುವರ್ಣಾ ಮೊದಲು ಕೈ ಎಳೆದುಕೊಳ್ಳಲು ನೋಡಿದಳು. ಆಮೇಲೆ ಬಳೆ ಏರಿಸುತ್ತಿದ್ದ ಕೈಯನ್ನು ತನ್ನ ಇನ್ನೊಂದು ಕೈಯಿಂದ ತಡವಿ ನೋಡಿದಳು. ದ್ರಾಕ್ಷಿ ಬಳ್ಳಿ ಕಟ್ಟಿ ಕಟ್ಟಿ ಬಿರುಕು ಬಿಟ್ಟ ಕೈ ಅದು, ಇನ್ನೊಬ್ಬರದಾಗಲು ಸಾಧ್ಯವಿಲ್ಲ.

“ಅತ್ತಿ?”

“ಹೂಂ.”

“ನೀವ ಇಡಾಕತ್ತೀರಿ?”

“ಮತ್ಯಾರು?” ಅಂದಳು ಗೌರವ್ವ. “ನನ್ನ ಮಗಗ ಏನರ ಆಗಿದ್ರ ಈ ಕೈಲೆ ನಿನಗ ಬಳಿ ಇಡ್ತಿದ್ನೇನ? ಹೇಳ.”

ಗೌರವ್ವ ಸೊಂಟದ ಚೀಲ ಬಿಚ್ಚಿ ತಾಳಿ ತೆಗೆದು ಕೊರಳಿಗೆ ಹಾಕಿದಳು. ಆ ತಾಳಿಗೆ ಎಲೆಅಡಿಕೆಯ ವಾಸನೆ ಹತ್ತಿತ್ತು. ಆಗ ಸುವರ್ಣಾ ಅತ್ತೆಯ ಮಡಿಲಿಗೆ ಮುಖ ಹಚ್ಚಿ ಅತ್ತಳು, ಎಷ್ಟು ಅತ್ತಳೆಂದರೆ ಅಲ್ಲಿನ ನರ್ಸ್ ಓಡಿ ಬಂದಳು. ಸಾಹೇಬರು ಇದ್ದಿದ್ದರೆ ನನ್ನನ್ನು ಕೋಣೆಯಿಂದ ಹೊರಗೆ ಹಾಕುತ್ತಿದ್ದರು. ಮೂರ್ಛೆ ಬರಲಿಲ್ಲ. ಬಿ.ಪಿ. ನೋಡಿದರೆ ಬೆಳಗ್ಗೆಗಿಂತ ಕಡಿಮೆ ಇತ್ತು. ಇದು ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ.

ಅವತ್ತೇ ಅವಳ ಹಾಲು ಹಿಂಡಿ ಬಟ್ಟಲಲ್ಲಿ ಒಯ್ದೆವು. ಮಕ್ಕಳ ಆಸ್ಪತ್ರೆಯಲ್ಲಿ ಅಣ್ಣಾಸಾಬನ ಜಾಗದಲ್ಲಿ ನಾನು ಕೂತು ಅವನನ್ನು ಕಳಿಸಿದೆ. ಅವನಿಗೆ ತಾನು ಸತ್ತ ಸುದ್ದಿಯೇ ಗೊತ್ತಿರಲಿಲ್ಲ. ಹೋಗಿ ಬಂದವನು ನನ್ನ ಮುಂದೆ ನಿಂತು, “ಬಾಯಾರ, ಆಕಿ ನನ್ನ ಮುಖಾ ಎಲ್ಲಾ ತಡವಿ ನೋಡಿದ್ಳರಿ” ಅಂದ. ಕೂಸು ಹಾಲು ಕಕ್ಕಲಿಲ್ಲ.

ನಮ್ಮ ಕೆಲಸದಲ್ಲಿ ಇಂಥ ದಿನ ಮುಗಿದ ಮೇಲೆ ಕಥೆಯೂ ಮುಗಿಯಿತು ಅನ್ನಿಸುತ್ತದೆ. ಸುವರ್ಣಾಗೆ ಮುಗಿಯಲಿಲ್ಲ. ದೃಷ್ಟಿ ಮರಳಿ ಬಂತು, ಮೈ ಸುಧಾರಿಸಿತು, ಕೂಸು ಬೆಳೆಯಿತು. ಆ ಹತ್ತು ದಿನ ಮಾತ್ರ ಬರಲಿಲ್ಲ. ಬರಲಿಕ್ಕಿಲ್ಲ ಅಂತ ಮಿರಜಿನ ಡಾಕ್ಟರರೂ ಹೇಳಿದ್ದರು. ಕೂಸಿಗೆ ಲಸಿಕೆ ಹಾಕಿಸಲು ತವರಿನಿಂದ ಬಂದಾಗಲೆಲ್ಲ ನನ್ನ ಪಕ್ಕ ಕೂತು ಕೇಳುವಳು. ನೋವು ಎಲ್ಲಿಂದ ಶುರುವಾಯಿತು? ನಾನು ಅಳುತ್ತಿದ್ದೆನೇ? ನಡೆದು ಬಂದೆನೇ? ನಾನು ಗೊತ್ತಿದ್ದಷ್ಟು ಹೇಳುವೆ. ಕೇಳಿ ಮುಗಿಸಿ ಅವಳು ಅನ್ನುವ ಮಾತು ಒಂದೇ.

“ನೀವ ಹೇಳ್ತೀರಿ, ನಾ ಕೇಳ್ತೇನಿ. ಬ್ಯಾರೇದಾಕಿ ಯಾರೋ ಹಡದಂಗ ಅನಸ್ತೈತ್ರಿ. ಈಕಿ ನನ್ನ ಮಗಳ ಅಂತ ಗೊತ್ತೈತಿ. ಆದ್ರ ಈಕಿ ಬಂದಾಗ ನಾ ಎಲ್ಲಿದ್ನಿ?”

ಒಂದು ಸಲ ಮಗಳು ಅವಳ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಆಗ ಕೇಳಿದಳು, “ಈಕಿನ್ನ ಮೊದಲ ಸಲ ನೋಡಿ ನಾ ಏನರ ಅಂದ್ನೇನ್ರಿ?”

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಆ ಮಾತು ಅವಳದೋ, ಪರದೆಯ ಆಚೆಯವಳದೋ ನನಗೆ ಖಾತ್ರಿ ಇರಲಿಲ್ಲ. ತೋಟದ ಮನೆಯ ಯಾವ ಹೆಣ್ಣುಮಗಳಾದರೂ ಆಡಬಹುದಾದ ಮಾತು ಅದು. ಯಾರದೋ ಕೂಸು ತೋರಿಸುತ್ತಿದ್ದೀರಿ ಅಂದವಳಿಗೆ ಯಾರದೋ ಮಾತು ಕೊಡುವುದು ಹೇಗೆ? “ಎಲ್ಲಾರಂಗ ನಕ್ಕಿ ನೋಡ” ಅಂದೆ. ಅವಳು ನಂಬಲಿಲ್ಲ, ತಿರುಗಿಯೂ ಕೇಳಲಿಲ್ಲ. ಹೇಳಿಬಿಡಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿತು, ಹೇಳದಿದ್ದದ್ದೇ ಸರಿ ಅಂತಲೂ ಅಷ್ಟೇ ಸಲ ಅನ್ನಿಸಿತು.

ನನ್ನ ಸರ್ವೀಸಿನ ಕೊನೆಯ ವರ್ಷ ಅವಳು ಮತ್ತೆ ಬಸುರಿಯಾದಳು. ಈ ಸಲ ಎಲ್ಲರೂ ಮೈಯೆಲ್ಲ ಕಣ್ಣಾಗಿದ್ದೆವು. ಮೊದಲಿನಿಂದ ಗುಳಿಗೆ, ವಾರ ವಾರ ಬಿ.ಪಿ., ಹೆರಿಗೆ ಅಥಣಿಯ ದೊಡ್ಡ ಆಸ್ಪತ್ರೆಯಲ್ಲೇ ಅಂತ ಮೊದಲೇ ಗೊತ್ತು ಮಾಡಿದ್ದೆವು. ನೀವಿಲ್ಲದಿದ್ದರೆ ಒಳಗೆ ಹೋಗುವುದಿಲ್ಲ ಅಂದಳು, ನಾನೂ ಹೋದೆ. ಬಾಗಿಲಲ್ಲೇ ಜಗಳ. ಅಲ್ಲಿನ ಹುಡುಗಿ ನರ್ಸ್ ಬಳೆ ತೆಗೆಯಿರಿ ಅಂದಳು, ಸುವರ್ಣಾ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ಹುಡುಗಿ ಮಾಡುತ್ತಿದ್ದದ್ದು ಸರಿಯೇ. ನಾನು ಒಂದು ಕೈಯ ಬಳೆಗಳನ್ನು ಬಿಡಿಸಿ ಇನ್ನೊಂದು ಕೈಗೇ ಏರಿಸಿ, ಮೇಲೆ ದಪ್ಪಗೆ ಬ್ಯಾಂಡೇಜ್ ಸುತ್ತಿದೆ. ಸದ್ದಿಲ್ಲ, ಚುಚ್ಚುವುದಿಲ್ಲ, ಒಳಗಿವೆ ಅಂತ ಅವಳಿಗೆ ಗೊತ್ತು. ಹುಡುಗಿ ನಕ್ಕಳು, ಆಮೇಲೆ ಅವಳೂ ಹೀಗೇ ಮಾಡುತ್ತಾಳೆ ಅಂತ ಕೇಳಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರೇ, ನೀವೂ ಮಾಡಬಹುದು. ಇನ್ನೊಂದು, ಸಾಹೇಬರ ಪಾಠದಲ್ಲಿ ಇಂಜೆಕ್ಷನ್ನು ಇಟ್ಟುಕೊಳ್ಳಿ, ಸುಮ್ಮನಿರಿ ಅನ್ನುವುದನ್ನು ಬಿಡಿ. ಎಚ್ಚರಾದ ತಾಯಿಗೆ ಮೊದಲು ಯಾರು ಬದುಕಿದ್ದಾರೆ ಅಂತ ಹೇಳಿ.

ಗಂಡು ಕೂಸು ಹುಟ್ಟಿತು. ಬಿ.ಪಿ. ಅಲುಗಲಿಲ್ಲ. ಈ ಸಲ ನಾನು ಬೆನ್ನು ತಿರುಗಿಸಿರಲಿಲ್ಲ, ಮಾಸದ ಕೆಲಸ ಆ ಹುಡುಗಿಯದಾಗಿತ್ತು. ಕೂಸನ್ನು ಎದೆಯ ಮೇಲೆ ಹಾಕಿದಾಗ ಸುವರ್ಣಾ ಅದರ ಗಲ್ಲ ಸ್ವಲ್ಪ ಎತ್ತಿ, ಮುಖ ನೋಡಿ, ಮೆಲ್ಲಗೆ ಅಂದಳು, “ಬಂದೇನಪಾ? ದಾರಿ ಸಿಕ್ತೇನ?”

ಅದೇ ಧ್ವನಿ. ಬೆನ್ನ ಹಿಂದಿನಿಂದ ಬಂದಿದ್ದ ಧ್ವನಿ. ಕೋಣೆಯಲ್ಲಿ ಬೇರೆ ಬಾಣಂತಿ ಇದ್ದಾಳೆಯೇ ಅಂತ ಸುತ್ತ ನೋಡಿದೆ, ಯಾರೂ ಇರಲಿಲ್ಲ.

“ಸುವರ್ಣಾ,” ಅಂದೆ. “ಇದನ್ನ ಅಂದಿದ್ದಿ.”

“ಏನ್ರಿ?”

“ಅವತ್ತು. ಮಗಳನ್ನ ನೋಡಿ. ಬಂದೇನವಾ, ದಾರಿ ಸಿಕ್ತೇನ ಅಂತ ಕೇಳಿದ್ದಿ. ನಾ ಕೇಳಿಸ್ಕೊಂಡೇನಿ.”

“ಖರೇನ್ರಿ?”

“ಖರೇ.”

ಕೂಸಿನ ಬೆನ್ನ ಮೇಲೆ ಬ್ಯಾಂಡೇಜ್ ಸುತ್ತಿದ ಕೈ ಇಟ್ಟುಕೊಂಡಳು. ತುಟಿ ಅಲುಗುತ್ತಿದ್ದವು, ಆ ಮಾತನ್ನೇ ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

“ಹಂಗಾರ ನಾ ಅಲ್ಲೇ ಇದ್ನೆಲ್ರಿ” ಅಂದಳು.

ಆಮೇಲೆ ಬಾಗಿಲ ಕಡೆ ನೋಡಿದಳು. ಹೊರಗೆ ಗೌರವ್ವ ಮೊಮ್ಮಗಳ ಕೈ ಹಿಡಿದು ಕೂತಿದ್ದಳು.

“ಮಗಳನ್ನ ಒಳಗ ಕರೀರಿ ಬಾಯಾರ,” ಅಂದಳು ಸುವರ್ಣಾ. “ಆಕಿ ಬಂದದ್ದು ಹೆಂಗ ಅಂತ ನಾ ಹೇಳಬೇಕು.”